ಒಂದು ರೀಲಿಗೆ 36

ನಾನು ಕ್ಯಾಮೆರಾ ಹಿಡಿದ ಕಾಲಕ್ಕೆ ಒಂದು ರೀಲಿಗೆ 36 ಫೋಟೋ. ಗದಗಿನಲ್ಲಿ ತೊಳೆಸಿ ತರುವವರೆಗೆ ಏನು ಬಂದಿದೆಯೋ ಗೊತ್ತಾಗದು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಮುಂಡರಗಿ ಕಡೆಯ ಕಪ್ಪತಗುಡ್ಡ ಎಲ್ಲವನ್ನೂ ಅಳೆದು ತೂಗಿ ತೆಗೆದೆ. ಅವ್ವನತ್ತ ತಿರುಗಿಸಿದರೆ, ‘ನನ್ನ ಮಾರಿ ಏನ್ ತೆಗೀತಿ, ರೀಲ್ ದಂಡ’ ಎಂದು ಸೆರಗು ಅಡ್ಡ ಹಿಡಿಯುತ್ತಿದ್ದಳು. ಒಂದು ಉಳಿಯಿತೆಂದು ನಾನೂ ಸುಮ್ಮನಾಗುತ್ತಿದ್ದೆ.

ಅವಳು ಹೋದ ಮೇಲೆ ಮಗ ಟ್ಯಾಬ್‌ನಲ್ಲಿ ಚಿತ್ರ ಬರೆಯುವುದನ್ನು ಕಲಿಸಿದ. ಅವ್ವನ ಮುಖ ಬರೆಯಲು ಕುಳಿತೆ. ಇಲ್ಲಿ ಬಣ್ಣ ದಂಡವಾಗುವುದಿಲ್ಲ. ತಪ್ಪಿದರೆ ಅಳಿಸಬಹುದು, ಪದರದ ಮೇಲೆ ಪದರ ಹಾಕಬಹುದು. ಕುಂಕುಮ, ಮೂಗುಬಟ್ಟು ಸರಿಯಾಗಿಯೇ ಬಂದವು. ಕಣ್ಣು ಮಾತ್ರ ಪ್ರತಿ ಸಲವೂ ನನ್ನವೇ ಆದವು.

ಮೊನ್ನೆ ಹಳೆಯ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ್ದು ಇದೇ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನೀರ ಮೇಲಿದ್ದವು. ಕೈ ನಡುಗಿ ಎಲ್ಲ ಮಸುಕು. ಅಳಿಸಬೇಕೆನ್ನುವಷ್ಟರಲ್ಲಿ ಅವ್ವನ ದನಿ ಕೇಳಿತು: ‘ಎಷ್ಟ್ ದೂರದಿಂದ ಬಂದಾವ ನೋಡವಾ, ಹಸದಿರ್ತಾವ!’

ಅದನ್ನು ಮತ್ತೆ ಮತ್ತೆ ಕೇಳಿದೆ. ಆಮೇಲೆ ಟ್ಯಾಬ್ ತೆಗೆದು, ಕಣ್ಣುಗಳನ್ನಷ್ಟೇ ಅಳಿಸಿ, ಹೊಸದಾಗಿ ಬರೆಯತೊಡಗಿದೆ.