ಮೌಂಟ್ ವಿಲ್ಸನ್ನಿನಿಂದ ಇಳಿದು ಬರುತ್ತಿದ್ದ ಹುಲಿ

ಲಾಸ್ ಏಂಜಲೀಸ್ ನಗರದ ಬೆನ್ನಿಗಿರುವ ಸ್ಯಾನ್ ಗೇಬ್ರಿಯಲ್ ಪರ್ವತಸಾಲಿನಲ್ಲಿ ಸುಮಾರು 5,700 ಅಡಿ ಎತ್ತರದಲ್ಲಿದೆ ಮೌಂಟ್ ವಿಲ್ಸನ್. ವಿಜ್ಞಾನ ಪಾಠ ಮಾಡುವವನಿಗೆ ಅದು ಯಾತ್ರಾಸ್ಥಳವೇ ಸರಿ. ಅಲ್ಲಿನ 100 ಅಂಗುಲದ ಹೂಕರ್ ದೂರದರ್ಶಕದಿಂದಲೇ ಎಡ್ವಿನ್ ಹಬಲ್ 1923ರಲ್ಲಿ ಆಂಡ್ರೊಮಿಡಾದೊಳಗಿನ ಒಂದು ಮಿಡಿಯುವ ತಾರೆಯನ್ನು ಗುರುತಿಸಿದ್ದು. ನಮ್ಮ ಆಕಾಶಗಂಗೆಯ ಆಚೆಗೂ ಗೆಲಾಕ್ಸಿಗಳಿವೆಯೆಂಬುದು ಖಚಿತವಾದದ್ದು ಅದರಿಂದ. ಆ ಗುಮ್ಮಟದ ಮುಂದೆ ನಾನು ಉದ್ದಂಡ ನಮಸ್ಕಾರ ಹಾಕುವುದೊಂದು ಬಾಕಿ. ಕಾರಿನಲ್ಲಿ ಕರೆದೊಯ್ದಿದ್ದ ಭಾವನ ದೃಷ್ಟಿ ಮಾತ್ರ ಬೇರೆಲ್ಲೋ ಇತ್ತು. ಗುಡ್ಡದ ಮೇಲೆ ಅಡಿಕೆ ಮರಗಳಂತೆ ಒತ್ತೊತ್ತಾಗಿ ನಿಂತಿದ್ದ ಟೀವಿ ಗೋಪುರಗಳನ್ನು ನೋಡುತ್ತಿದ್ದರು.

"ಕ್ಯಾಲ್ ಬರ್ತಿದ್ದದ್ದು ಇಲ್ಲಿಂದಲೇ ಕಣಯ್ಯ" ಎಂದರು.

ಕ್ಯಾಲ್ ವರ್ದಿಂಗ್ಟನ್ ಒಬ್ಬ ಕಾರು ವ್ಯಾಪಾರಿ. ಲಾಂಗ್ ಬೀಚಿನಲ್ಲಿ ಫೋರ್ಡ್ ಕಾರಿನ ಮಳಿಗೆ ಇಟ್ಟಿದ್ದವನು. 1920ರಲ್ಲಿ ಓಕ್ಲಹೋಮಾದ ಬಡ ಸಂಸಾರದಲ್ಲಿ ಹುಟ್ಟಿ, ಹದಿಮೂರಕ್ಕೇ ಶಾಲೆ ಬಿಟ್ಟು, ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ವಿಮಾನ ಹಾರಿಸಿದವನು. ಯುದ್ಧ ಮುಗಿದ ಮೇಲೆ ಹಳೇ ಕಾರು ಮಾರುತ್ತಾ ಕ್ಯಾಲಿಫೋರ್ನಿಯಾಕ್ಕೆ ಬಂದ. ಎದುರಾಳಿ ಮಳಿಗೆಯ ಜಾಹೀರಾತಿನಲ್ಲಿ ಒಬ್ಬಾತ ತನ್ನ ಜರ್ಮನ್ ಶೆಫರ್ಡ್ ನಾಯಿಯ ಜೊತೆ ಬರುತ್ತಿದ್ದನಂತೆ. ಅವನನ್ನು ಅಣಕಿಸಲು ಕ್ಯಾಲ್ 'ನನ್ನ ನಾಯಿ ಸ್ಪಾಟ್' ಎಂದು ಗೊರಿಲ್ಲಾವೊಂದನ್ನು ತಂದು ನಿಲ್ಲಿಸಿದ. ಜನ ನಕ್ಕರು. ಆಮೇಲೆ ಹುಲಿ ಬಂತು, ಆನೆ ಬಂತು, ನೀರುಕುದುರೆ ಬಂತು. ಎಲ್ಲದರ ಹೆಸರೂ ಸ್ಪಾಟ್. ಒಮ್ಮೆ ಹಾರುವ ವಿಮಾನದ ರೆಕ್ಕೆಯ ಮೇಲೂ ಈ ಪುಣ್ಯಾತ್ಮ ನಿಂತ. ನಾಯಿ ಮಾತ್ರ ಬರಲೇ ಇಲ್ಲ.

ಹಿನ್ನೆಲೆಯ ಹಾಡಿನ ಧಾಟಿ ನಿಮಗೂ ಗೊತ್ತು. ನಮ್ಮ ಕಾನ್ವೆಂಟುಗಳಲ್ಲಿ ಪುಟಾಣಿಗಳು ಚಪ್ಪಾಳೆ ತಟ್ಟುತ್ತಾ ಹಾಡುವ 'ಇಫ್ ಯು ಆರ್ ಹ್ಯಾಪಿ'ಯ ಧಾಟಿಯೇ. ಕ್ಯಾಲ್‌ನನ್ನು ಹೋಗಿ ನೋಡಿರೆಂದು ಅದು ಮತ್ತೆ ಮತ್ತೆ ಹೇಳುವುದು ಅಲ್ಲಿನ ಎಷ್ಟೋ ಮಕ್ಕಳ ಕಿವಿಗೆ ಯಾವುದೋ ಹಸುವಿನ ವಿಷಯವಾಗಿ ಕೇಳುತ್ತಿತ್ತಂತೆ!

ಭಾವ ಲಾಂಗ್ ಬೀಚಿಗೆ ಬಂದಿಳಿದದ್ದು 1984ರಲ್ಲಿ. ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿ. ರಾತ್ರಿ ಒಂದು ಗಂಟೆಗೆ ಬಾಡಿಗೆ ಕೋಣೆಗೆ ಬಂದು, ಅನ್ನಕ್ಕೆ ಮೊಸರು ಕಲಸಿಕೊಂಡು, ಸೆಕೆಂಡ್ ಹ್ಯಾಂಡ್ ಟೀವಿಯ ಮುಂದೆ ಕೂತರೆ ಹಳೇ ಸಿನಿಮಾದ ನಡುನಡುವೆ ಕ್ಯಾಲ್. ಅಪರಾತ್ರಿಯ ಹೊತ್ತಿಗೆ ಜಾಹೀರಾತಿನ ದರ ಕಡಿಮೆ. ಅವನು ಅದನ್ನು ಧಾರಾಳವಾಗಿ ಕೊಳ್ಳುತ್ತಿದ್ದ. "ಇಡೀ ದಿನದಲ್ಲಿ ನಗ್ತಾ ನನ್ನನ್ನ ಮಾತಾಡಿಸ್ತಿದ್ದ ಮುಖ ಅದೊಂದೇ" ಎಂದರು ಭಾವ. ವೀಸಾ ಸಿಗದೆ ಎರಡು ವರ್ಷ ಮೈಸೂರಿನಲ್ಲೇ ಉಳಿದಿದ್ದ ಅಕ್ಕನ ವರದಿ ಬೇರೆ: "ಹುಲಿ ನೋಡೋಕೆ ಪುರಸೊತ್ತಿತ್ತು ಇವರಿಗೆ, ನನ್ನ ಕಾಗದಕ್ಕೆ ಉತ್ತರ ಬರೆಯೋಕಿರಲಿಲ್ಲ."

ಗೋಪುರಗಳ ಕೆಳಗೆ ನಿಂತಾಗ ನನ್ನೊಳಗಿನ ಮೇಷ್ಟರು ಸುಮ್ಮನಿರಲಿಲ್ಲ. ಟೀವಿಯ ಅಲೆಗಳು ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ. ಭೂಮಿ ಬಾಗಿದಲ್ಲಿ ಅವುಗಳ ಆಟ ಮುಗಿಯಿತು. ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ ಹಿಡಿದು ಲೆಕ್ಕ ಹಾಕಿದರೆ ಆ ಎತ್ತರದಿಂದ ಕ್ಷಿತಿಜಕ್ಕೆ ಸುಮಾರು 150 ಕಿಲೋಮೀಟರು. ಊರಿನ ವ್ಯಾಪಾರಿ ಊರಿಗಷ್ಟೇ ಪ್ರಸಿದ್ಧನಾಗುವುದರ ಹಿಂದೆ ಇಂಥದೊಂದು ಜ್ಯಾಮಿತಿಯೂ ಇದೆ. ನಮ್ಮ ಟೆಂಟ್ ಸಿನಿಮಾಗಳಲ್ಲಿ ಬಟ್ಟೆ ಅಂಗಡಿಯ ಸ್ಲೈಡು ಬೀಳುತ್ತಿತ್ತಲ್ಲ, ಕಾಗುಣಿತದ ತಪ್ಪಿನ ಸಮೇತ, ಅದರ ಸರಹದ್ದು ಟೆಂಟಿನ ಗೂಟದವರೆಗೆ. ಆದರೂ ಆ ಅಂಗಡಿಯವನು ನಮ್ಮವನಾಗಿದ್ದ. ದೇಶಕ್ಕೆಲ್ಲ ಒಂದೇ ಬಗೆಯಲ್ಲಿ ಮಿರುಗುವ ಜಾಹೀರಾತುಗಳ ಬಗ್ಗೆ ನನಗೆ ಆ ಸಲಿಗೆ ಎಂದೂ ಹುಟ್ಟಿಲ್ಲ.

ಅಮೆರಿಕದ ದೊಡ್ಡ ಟೀವಿ ಕೇಂದ್ರಗಳ ಹಳೆಯ ಅನಲಾಗ್ ಪ್ರಸಾರ 2009ರ ಜೂನ್ 12ರಂದು ನಿಂತಿತು. 2013ರ ಸೆಪ್ಟೆಂಬರಿನಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ, ಕ್ಯಾಲ್ ತೀರಿಕೊಂಡ. ಅವನ ಜಾಹೀರಾತುಗಳನ್ನು ಈಗ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತವೆ. ಆ ರಾತ್ರಿ ಭಾವ ಒಂದಾದ ಮೇಲೊಂದು ಹಾಕಿ ತೋರಿಸಿದರು. ಬಿಳಿ ಕೌಬಾಯ್ ಟೋಪಿ, ಉದ್ದನೆಯ ಆಳು, ಹಗ್ಗ ಎಳೆಯುವ ಹುಲಿ. ಸುತ್ತ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳು. ಸೆರಿಟೋಸಿನ ಆ ಮನೆಯನ್ನು ಮಾರಿಯಾಗಿತ್ತು. ಮುಂದಿನ ತಿಂಗಳು ಅಕ್ಕ-ಭಾವ ಇಬ್ಬರೂ ಟೆಕ್ಸಾಸಿನಲ್ಲಿರುವ ಮಗನ ಬಳಿಗೆ ಹೊರಡುವವರು. ಅಲ್ಲಿ ತಮಗೆ ಯಾರ ಪರಿಚಯವೂ ಇಲ್ಲವೆಂದು ಭಾವ ಎರಡು ಸಲ ಹೇಳಿದ್ದರು.

"ಹಾಗಾದ್ರೆ ನಿಮ್ಮ ಮೊದಲನೇ ಕಾರು ಕ್ಯಾಲ್ ಹತ್ರವೇ ತಗೊಂಡ್ರಾ ಭಾವ?" ಎಂದು ಕೇಳಿದೆ.

"ಇಲ್ಲಪ್ಪ. ಫ್ಯಾಕ್ಟರಿ ಸ್ನೇಹಿತನೊಬ್ಬ ಹಳೇ ಟೊಯೋಟಾ ಅಗ್ಗಕ್ಕೆ ಕೊಟ್ಟ" ಎಂದವರೇ ಇನ್ನೊಂದು ಜಾಹೀರಾತು ಹಾಕಿದರು. ಈ ಸಲ ಆನೆ.