ಯಾರೋ ನೆನೆಯುತ್ತಿರಬೇಕು!

ಊಟದ ನಡುವೆ ನೀರು ನೆತ್ತಿಗೆ ಹತ್ತಿ ಕೆಮ್ಮು ಬಂದರೆ, "ಯಾರೋ ನೆನೆಯುತ್ತಿರಬೇಕು" ಎಂದು ತಲೆಯನ್ನು ಮೆಲ್ಲಗೆ ತಟ್ಟುವುದು ನಮ್ಮ ಮನೆಗಳ ವಾಡಿಕೆ. ಈ ವಾಡಿಕೆಯನ್ನು ನೆಚ್ಚಿ ನಾವು ಒಮ್ಮೆ ಒಂದು ತಿಂಗಳನ್ನು ವ್ಯರ್ಥವಾಗಿ ಕಳೆದೆವು. ವಾಚಕರು ಹಾಗೆ ಮಾಡದಿರಲೆಂದೇ ಈ ಬರಹ.

2023ರ ಮಳೆಗಾಲದಲ್ಲಿ ನಮ್ಮ ತಮ್ಮನು ತೀವ್ರವಾದ ನ್ಯುಮೋನಿಯಾಕ್ಕೆ ತುತ್ತಾಗಿ, ಮೂರು ವಾರಗಳ ಕಾಲ ವೆಂಟಿಲೇಟರಿನ ನೆರವಿನಿಂದ ಉಸಿರಾಡಿದನು. ದೈವಕೃಪೆಯಿಂದ ಬದುಕಿ ಮನೆಗೆ ಬಂದನು. ಆದರೆ ನೀರು ಕುಡಿದಾಗಲೆಲ್ಲ ಕೆಮ್ಮು. ನಾವು ನಗುತ್ತ ನೆತ್ತಿಯನ್ನು ತಟ್ಟಿ, "ನಿನ್ನನ್ನು ನೆನೆಯುವವರು ಬಹಳ ಮಂದಿಯಪ್ಪಾ" ಎನ್ನುತ್ತಿದ್ದೆವು. ಎರಡು ಬಾರಿ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು. ಒಂದು ದಿನ ಆತನ ಹೆಂಡತಿಯು, "ಭಾವನವರೇ, ಕಫದಲ್ಲಿ ಅನ್ನದ ಅಗುಳು ಕಂಡೆ" ಎಂದಾಗ ನಮ್ಮ ನಗು ಅಡಗಿತು.

ಆಸ್ಪತ್ರೆಯಲ್ಲಿ ಬೇರಿಯಂ ದ್ರವವನ್ನು ನುಂಗಿಸಿ ಎಕ್ಸರೇ ತೆಗೆದರು. ದ್ರವವು ಶ್ವಾಸನಾಳಕ್ಕೆ ಜಾರಿದುದು ಕಂಡಿತು. ಬ್ರಾಂಕೋಸ್ಕೋಪಿನಿಂದ ಒಳಗೆ ನೋಡಿ ರಂಧ್ರದ ಸ್ಥಾನವನ್ನೂ ಅಳತೆಯನ್ನೂ ನಿಶ್ಚಯಿಸಿದರು. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ದಾರಿ ಬಿದ್ದಿತ್ತು. ಸುಶ್ರುತಸಂಹಿತೆಯ ನಾಡೀವ್ರಣವೆಂಬ ಪದವನ್ನು ಎಷ್ಟೋ ವರ್ಷಗಳ ಹಿಂದೆ ಓದಿದ್ದ ನಮಗೆ ಅದರ ಅರ್ಥವು ಅಂದು ಮನೆಯಲ್ಲಿಯೇ ಎದುರು ನಿಂತಿತು.

ಕಾರಣವನ್ನು ವೈದ್ಯರು ವಿವರಿಸಿದರು. ಈ ಎರಡು ನಾಳಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವಣ ಗೋಡೆ ತೆಳುವಾದುದು. ಉಸಿರಿನ ನಳಿಕೆಯ ಸುತ್ತ ಗಾಳಿ ತುಂಬಿದ ಪುಗ್ಗೆಯೊಂದಿರುತ್ತದೆ. ಅದರ ಒತ್ತಡವು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. ಅದು ಮಿತಿಮೀರಿ, ಹಿಂಬದಿಯಲ್ಲಿ ಆಹಾರದ ನಳಿಕೆಯೂ ಇದ್ದರೆ, ನಡುವೆ ಸಿಕ್ಕಿದ ಗೋಡೆಗೆ ರಕ್ತವು ಹರಿಯದೆ ಅದು ಕೊಳೆತು ತೂತಾಗಬಹುದು. ದೊಡ್ಡವರಲ್ಲಿ ಅನ್ನನಾಳದ ಕ್ಯಾನ್ಸರಿನಿಂದಲೂ ಹೀಗಾಗುವುದುಂಟು; ಆಗ ಸಾಮಾನ್ಯವಾಗಿ ಶಸ್ತ್ರಕ್ರಿಯೆಗೆ ಬದಲು ಹೊದಿಕೆಯುಳ್ಳ ಸ್ಟೆಂಟನ್ನು ಇರಿಸಿ ರಂಧ್ರವನ್ನು ಮುಚ್ಚುತ್ತಾರೆ.

ನಮ್ಮ ತಮ್ಮನಿಗೆ ಕೂಡಲೇ ಕತ್ತರಿ ಹಾಕಲಿಲ್ಲ. ಬಾಯಿಯಿಂದ ಏನನ್ನೂ ಕೊಡದೆ, ಕರುಳಿಗೆ ನೇರವಾಗಿ ನಳಿಕೆಯಿಂದ ಆಹಾರವನ್ನಿತ್ತು, ಶ್ವಾಸಕೋಶವು ತಿಳಿಯಾಗುವವರೆಗೆ ಕಾದರು. ವೆಂಟಿಲೇಟರಿನಿಂದ ಬಿಡುಗಡೆಯಾದ ಬಳಿಕವೇ ಈ ಶಸ್ತ್ರಕ್ರಿಯೆ ಕ್ಷೇಮವಂತೆ. ಅನಂತರ ಕುತ್ತಿಗೆಯ ಮುಂಭಾಗದಿಂದ ನಾಳಗಳನ್ನು ಬೇರ್ಪಡಿಸಿ, ಶ್ವಾಸನಾಳದ ಕೆಟ್ಟ ಭಾಗವನ್ನು ತೆಗೆದು ತುದಿಗಳನ್ನು ಜೋಡಿಸಿದರು. ಅನ್ನನಾಳವನ್ನು ಎರಡು ಪದರವಾಗಿ ಹೊಲಿದು, ಮತ್ತೆ ಕೂಡಿಕೊಳ್ಳದಂತೆ ನಡುವೆ ಸ್ನಾಯುವಿನ ತುಂಡನ್ನಿರಿಸಿದರು. ಒಂದೇ ಸಲಕ್ಕೆ ಇದೆಲ್ಲವನ್ನೂ ಮುಗಿಸುವ ಈ ಕ್ರಮವನ್ನು ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಹರ್ಮಿಸ್ ಗ್ರಿಲೋ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಹೊಲಿಗೆಯು ಬಿಗಿಯದಿರಲೆಂದು ಗದ್ದವನ್ನು ಎದೆಯ ಚರ್ಮಕ್ಕೆ ದಾರದಿಂದ ಕಟ್ಟಿದ್ದರು. ಒಂದು ವಾರ ತಮ್ಮನು ತಲೆ ಬಾಗಿಸಿಯೇ ಇದ್ದನು. ಅಪರಾಧಿಗಳಾದ ನಾವೂ ಬಾಗಿಸಿಯೇ ಇದ್ದೆವು.

ವೆಂಟಿಲೇಟರಿನಿಂದ ಬದುಕಿ ಬಂದವರು ನುಂಗಿದೊಡನೆ ಕೆಮ್ಮಿದರೆ, ಮತ್ತೆಮತ್ತೆ ನ್ಯುಮೋನಿಯಾ ಬಂದರೆ, ನೆತ್ತಿಯನ್ನು ತಟ್ಟುತ್ತ ಕೂರಬಾರದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಾವು ಕಲಿತ ಪಾಠ ಇಷ್ಟೇ.

ಮತ್ತೆ ಪರೀಕ್ಷೆಯಾಗಿ ಬಾಯಿಯಿಂದ ಆಹಾರಕ್ಕೆ ಅಪ್ಪಣೆ ದೊರೆತು ಮನೆಗೆ ಬಂದ ದಿನ, ಎಲೆಯ ಮುಂದೆ ಕುಳಿತು ತಮ್ಮನು ಆಪೋಶನದ ನೀರನ್ನು ಕುಡಿದನು. ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಕೆಮ್ಮು ಬರಲಿಲ್ಲ. "ಅಣ್ಣಾ, ಈಗ ನನ್ನನ್ನು ಯಾರೂ ನೆನೆಯುತ್ತಿಲ್ಲವಲ್ಲ!" ಎಂದನು. ನಮಗೆ ಉತ್ತರ ಹೊರಡಲಿಲ್ಲ.