ಹಗ್ಗ ಬಿಚ್ಚಿದ ಮೇಲೆ ಶುರುವಾಗುವ ಕೆಲಸ

ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಪೇಪರ್ ಕೆಲಸ ಬಿಟ್ಟು ಹುಚ್ಚಾಸ್ಪತ್ರೆ ಸೇರಿದೆಯಂತೆ, ಹೆದರಿಕೆ ಆಗಲ್ವೇನಮ್ಮ?"

ಎರಡು ವರ್ಷ ತಾಲ್ಲೂಕು ವರದಿಗಾರ್ತಿಯಾಗಿದ್ದೆ. ಆಮೇಲೆ ಎಂಎಸ್‌ಡಬ್ಲ್ಯೂ ಓದಿದೆ. ಈಗ ಇಪ್ಪತ್ತು ಹಾಸಿಗೆಯ ಒಂದು ವಸತಿ ಆರೈಕೆ ಕೇಂದ್ರದಲ್ಲಿದ್ದೇನೆ. ಮನಸ್ಸಿನ ಕಾಯಿಲೆ ಜೋರಾಗಿ, ಮನೆಯಲ್ಲಿ ನೋಡಿಕೊಳ್ಳಲು ಆಗದಂಥವರು ಕೆಲವು ದಿನ ಅಥವಾ ಕೆಲವು ವಾರ ಇಲ್ಲಿರುತ್ತಾರೆ. ಮಾತ್ರೆ ಬರೆಯುವವರು ಮನೋವೈದ್ಯರು, ಕೊಡುವವರು ನರ್ಸ್. ಉಳಿದ ಹೊತ್ತೆಲ್ಲ ಜೊತೆಗಿರುವುದು ನಮ್ಮ ಕೆಲಸ. ಊಟ ಮಾಡಿದರಾ, ಸ್ನಾನ ಆಯಿತಾ, ನಿದ್ದೆ ಎಷ್ಟು ಗಂಟೆ, ಯಾರ ಮೇಲೆ ಸಿಟ್ಟು, ಯಾರ ನೆನಪು ಬಂದು ಅತ್ತರು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತೇವೆ. ವರದಿಗಾರಿಕೆ ಪೂರ್ತಿ ಬಿಟ್ಟುಹೋಗಿಲ್ಲ ಅನ್ನಿ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರ ಸ್ವಲ್ಪ ಬದಲಿಸಿದ್ದೇನೆ. ಟ್ರ್ಯಾಕ್ಟರ್ ಓಡಿಸುವವರು, ನಲವತ್ತರ ಆಸುಪಾಸು. ಸುಗ್ಗಿ ಕಾಲದಲ್ಲಿ ಹಗಲು ರಾತ್ರಿ ದುಡಿದು ನಿದ್ದೆ ಬಿಟ್ಟಿದ್ದರು. ಕೆಲಸ ಮುಗಿದ ಮೇಲೂ ನಿದ್ದೆ ಬರಲಿಲ್ಲ. ದಣಿವೂ ಇಲ್ಲ. ಮಾತು ನಿಲ್ಲುತ್ತಿರಲಿಲ್ಲ. ಮೂರು ಎಕರೆ ಜಮೀನಿಗೆ ಮುಂಗಡ ಕೊಡುತ್ತೇನೆಂದು ಸಿಕ್ಕವರಿಗೆಲ್ಲ ಹೇಳಿ, ಇದ್ದ ದುಡ್ಡನ್ನೆಲ್ಲ ಹಂಚಿಬಿಟ್ಟರು. ಗಾಳಿ ಮೆಟ್ಟಿಕೊಂಡಿದೆ ಎಂದು ಮನೆಯವರು ಅಂತ್ರ ಕಟ್ಟಿಸಿದರು. ಹತ್ತನೇ ದಿನ ಅಣ್ಣನ ಮೇಲೆ ಕೈ ಮಾಡಿದಾಗ ಕೈಕಾಲು ಕಟ್ಟಿ, ರಾತ್ರಿ ಹನ್ನೊಂದಕ್ಕೆ ಗೂಡ್ಸ್ ಆಟೊದಲ್ಲಿ ತಂದರು.

ಕಟ್ಟಿ ತಂದ ಮನೆಯವರನ್ನು ನಾನು ಬೈಯುವುದಿಲ್ಲ. ಆ ರಾತ್ರಿ ಅವರ ಹತ್ತಿರ ಬೇರೆ ದಾರಿ ಏನಿತ್ತು? ಆದರೆ ನಮ್ಮ ಬಾಗಿಲೊಳಗೆ ಹಗ್ಗ ಬರುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಇಂಥವರನ್ನು ಇಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಇಷ್ಟವಿದ್ದರೆ ಸ್ವಂತ ಬಟ್ಟೆಯನ್ನೇ ತೊಡಬಹುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ನಿಮ್ಮವರನ್ನು ಎಲ್ಲಿಗಾದರೂ ಸೇರಿಸುವ ಮೊದಲು ಇಷ್ಟನ್ನು ಕಣ್ಣಾರೆ ನೋಡಿ. ಒಳಗೆ ಬಿಡುವುದೇ ಇಲ್ಲ ಎನ್ನುವ ಜಾಗವಾದರೆ ವಾಪಸ್ ಬನ್ನಿ.

ಹಗ್ಗ ಬಿಚ್ಚುವ ಹೊತ್ತಿನಲ್ಲಿ ಒಬ್ಬರೇ ಮಾತಾಡಬೇಕು, ಮೆಲ್ಲಗೆ. ಸುತ್ತ ನಿಂತ ನೆಂಟರನ್ನು ಹೊರಗೆ ಕಳಿಸಬೇಕು. ಎದುರಿಗೆ ನಿಲ್ಲದೆ ಒಂದು ಪಕ್ಕಕ್ಕೆ, ಕೈಗೆ ಸಿಗದಷ್ಟು ದೂರದಲ್ಲಿ ನಿಲ್ಲಬೇಕು. ಅವರಿಗೂ ಬಾಗಿಲು ಕಾಣಬೇಕು, ನಮಗೂ ಕಾಣಬೇಕು. "ನಾನು ಈ ತಾಲ್ಲೂಕನ್ನೇ ಕೊಂಡುಕೊಂಡಿದ್ದೀನಿ" ಎಂದರು. ಸುಳ್ಳು ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. "ಎಷ್ಟು ದಿನದಿಂದ ಮಲಗಿಲ್ಲ ಅಣ್ಣ?" ಎಂದೆ. ಸುಮ್ಮನೆ ನನ್ನ ಮುಖ ನೋಡಿದರು. ನೀರು ಕೇಳಿದರು. ಮಣಿಕಟ್ಟಿನ ಮೇಲೆ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ನರ್ಸ್ ಅದಕ್ಕೆ ಮುಲಾಮು ಹಚ್ಚುವಾಗ ಕೈಯನ್ನು ಎಳೆದುಕೊಳ್ಳಲಿಲ್ಲ. ಡಾಕ್ಟರು ಬಂದು ನೋಡಿ ಇಂಜೆಕ್ಷನ್ ಹೇಳಿದರು. ಬೆಳಗಿನ ಜಾವಕ್ಕೆ ನಿದ್ದೆ ಬಂತು.

ಇದು ಉನ್ಮಾದ. ಮಾಟವಲ್ಲ, ಕೊಬ್ಬೂ ಅಲ್ಲ. ಎಷ್ಟೋ ಸಲ ನಿದ್ದೆ ಕೆಡುವುದೇ ಇದರ ಮೊದಲ ಸುಳಿವು. ದೇವಸ್ಥಾನಕ್ಕೆ ಹೋಗಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ, ನನ್ನ ತಾಯಿಯೂ ಹರಕೆ ಹೊರುವವಳೇ. ಹೋಗುವಾಗ ಮಾತ್ರೆ ಜೇಬಿನಲ್ಲಿರಲಿ ಅಷ್ಟೆ.

ಗದ್ದಲ ಮಾಡುವವರಿಗಿಂತ ಮಾತು ನಿಲ್ಲಿಸಿದವರನ್ನು ಕಂಡರೆ ನನಗೆ ಹೆಚ್ಚು ದಿಗಿಲು. ಸಾಲ, ಅವಮಾನ, ಏನೋ ಒಂದು ಒಳಗೇ ಕೊರೆಯುತ್ತಿರುತ್ತದೆ. ಅವರನ್ನು ನೇರವಾಗಿ ಕೇಳುತ್ತೇನೆ, "ಸಾಯಬೇಕು ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು. ಕೇಳಿದ ಮೇಲೆ ಹೆಚ್ಚಿನವರು ಉಸಿರು ಬಿಟ್ಟು ಅಳುತ್ತಾರೆ. ಅಂಥವರು ಮನೆಯಲ್ಲಿದ್ದರೆ ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ತಂದ ಔಷಧಿಯನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿ. ಟೆಲಿ ಮನಸ್ ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಪೊಲೀಸ್ ಕೇಸಾಗುತ್ತದೆ ಎಂದು ಆಸ್ಪತ್ರೆಗೆ ಹೋಗದವರೂ ಇದ್ದಾರೆ. ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರೆಂದೇ ಆ ಕಾಯ್ದೆ ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ.

ಕುಡಿತದವರ ಬಗ್ಗೆ ಒಂದು ಮಾತು. ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಂದೇ ಸಲಕ್ಕೆ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದಲ್ಲಿ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಕಣ್ಣೆದುರೇ ಬಿಡಿಸಬೇಕು.

ಟ್ರ್ಯಾಕ್ಟರ್ ಅಣ್ಣ ಇಪ್ಪತ್ನಾಲ್ಕು ದಿನ ಇದ್ದರು. ಕೊನೆಯ ವಾರ ಅಡುಗೆಮನೆಯ ಕೆಟ್ಟ ಮಿಕ್ಸಿ ರಿಪೇರಿ ಮಾಡಿಕೊಟ್ಟರು. ಕಷ್ಟವಾಗಿದ್ದು ಮನೆಗೆ ಹೋದ ಮೇಲೆ. ಹೋಟೆಲಿನಲ್ಲಿ ಇವರು ಕೂತರೆ ಪಕ್ಕದವರು ಎದ್ದುಹೋಗುತ್ತಾರಂತೆ. ಮಗಳ ಸಂಬಂಧ ಒಂದು ಮುರಿಯಿತು. ಜೋರಾಗಿ ನಕ್ಕರೂ ಹೆಂಡತಿ ಗಾಬರಿಯಾಗುತ್ತಾರೆ. ಒಂದು ಕಾಯಿಲೆಗೆ ಇಪ್ಪತ್ನಾಲ್ಕು ದಿನ ಸಾಕಾಯಿತು, ಊರಿಗೆ ಒಂದು ವರ್ಷವೂ ಸಾಲಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಸಕ್ಕರೆ ಕಾಯಿಲೆಯವರ ಪಕ್ಕ ಕೂತು ಕಾಫಿ ಕುಡಿಯುತ್ತೀರಲ್ಲ?

ಹೋದ ತಿಂಗಳು ಅವರ ಅಣ್ಣ ಫೋನ್ ಮಾಡಿದ್ದರು. "ಚೆನ್ನಾಗಿದ್ದಾನೆ ಮೇಡಂ, ಮಾತ್ರೆ ನಿಲ್ಲಿಸಿಬಿಡೋಣ್ವಾ?" ಅವರು ತಗೊಳ್ಳುವುದು ಲಿಥಿಯಂ. ಮಾತ್ರೆಯಿಂದಲೇ ಚೆನ್ನಾಗಿರುವುದು, ನೀವಾಗಿಯೇ ನಿಲ್ಲಿಸಬೇಡಿ ಎಂದೆ. ಬಿಸಿಲಲ್ಲಿ ದುಡಿಯುವಾಗ ನೀರು ಕಡಿಮೆಯಾಗಬಾರದು, ವಾಂತಿಭೇದಿಯಾದರೆ ತಕ್ಷಣ ಡಾಕ್ಟರಿಗೆ ಹೇಳಬೇಕು, ರಕ್ತ ಪರೀಕ್ಷೆ ತಪ್ಪಿಸಬಾರದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅವರನ್ನೇ ಕೇಳಿ ಎಂದೆ. "ಟ್ರ್ಯಾಕ್ಟರ್ ಓಡಿಸಬಹುದಾ?" ಎಂದರು. ಅದನ್ನೂ ಅವರೇ ಹೇಳಬೇಕು.

ಮಂಗಳವಾರ ಕೆಲಸ ಬಿಟ್ಟು ಕರೆದುಕೊಂಡು ಹೋದರಂತೆ, ಬೈಕಿನಲ್ಲಿ.